ಬಾಣಂತಿಗೆ ಪರೀಕ್ಷೆ ಇಟ್ಟವರು ಯಾರು?

(ತೋಟದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಆಡಿದ ಮಾತುಗಳು)



ಬಾಣಂತನದ ವಿಷಯದಲ್ಲಿ ಗಂಡಸಿಗೇನು ಮಾತು ಎಂದು ಹಿಂದೆ ಕುಳಿತ ಅಜ್ಜಿಯರು ನಗಬಹುದು. ನಗಲಿ. ಹೆರಿಗೆ ರಜೆಯ ಅರ್ಜಿ ಬರೆಸಲು ಸಂಘಕ್ಕೆ ಬರುವ ಹೆಣ್ಣುಮಕ್ಕಳು ಅರ್ಜಿಗಿಂತ ಹೆಚ್ಚಾಗಿ ಹೇಳಿಕೊಳ್ಳುವುದು ಬೇರೆಯೇ: ನನಗೆ ಸರಿಯಾಗಿ ಹೆರಲಾಗಲಿಲ್ಲ, ನನ್ನ ಹಾಲು ಸಾಲದು, ಪಕ್ಕದ ಲೈನಿನವಳ ಮಗು ಎಷ್ಟು ದುಂಡಗಿದೆ!

ಸರಿಯಾಗಿ ಹೆರುವುದು ಎಂದರೇನು? ಹೊಟ್ಟೆ ಕೊಯ್ದು ಮಗು ತೆಗೆದರೆ ಅದು ಹೆರಿಗೆಯೇ ಅಲ್ಲ ಎಂಬ ಮಾತು ನಮ್ಮ ಲೈನುಗಳಲ್ಲಿ ಇನ್ನೂ ಓಡಾಡುತ್ತಿದೆ. ನಾವಿರುವ ನೀಲಗಿರಿ ತಮಿಳುನಾಡಿಗೆ ಸೇರಿದ್ದು, ಪಕ್ಕದ ವಯನಾಡು ಕೇರಳಕ್ಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ ನೂರಕ್ಕೆ ಸುಮಾರು 45, ಕೇರಳದಲ್ಲಿ ಸುಮಾರು 39 ಹೆರಿಗೆಗಳು ಸಿಜೇರಿಯನ್. ಇಷ್ಟೊಂದು ಬೇಕೇ ಎಂದು ಆಸ್ಪತ್ರೆಗಳನ್ನು ಕೇಳೋಣ, ಅದು ನ್ಯಾಯವಾದ ಪ್ರಶ್ನೆ. ಆದರೆ ಹೊಲಿಗೆ ಹಾಕಿಸಿಕೊಂಡು ಮಲಗಿರುವವಳನ್ನು ಕೇಳಬೇಡಿ. ಮಗು ಅಡ್ಡ ತಿರುಗಿದಾಗ ಎಷ್ಟೋ ಸಲ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದ ಕಾಲವನ್ನು ಅಜ್ಜಿಯರೇ ಬಲ್ಲರು.

ಇನ್ನು ಹಾಲು. ಮೊದಲ ಹಳದಿ ಹಾಲನ್ನು ಚೆಲ್ಲಬಾರದು, ಆರು ತಿಂಗಳು ಎದೆಹಾಲೇ ಸಾಕು ಎಂದು ನರ್ಸಮ್ಮ ಹೇಳುವುದು ಸತ್ಯ. ಆದರೆ ಮೊದಲ ಎರಡು ಮೂರು ದಿನ ಹಾಲು ಸ್ವಲ್ಪವೇ ಇರುವುದೂ, ಮಗುವಿನ ತೂಕ ಕೊಂಚ ಇಳಿದು ಎರಡು ವಾರದೊಳಗೆ ಮತ್ತೆ ಏರುವುದೂ ಸಹಜ. ಆಮೇಲೂ ಸಾಲದಿದ್ದರೆ ವೈದ್ಯರು ಹೇಳಿದಂತೆ ಬೇರೆ ಹಾಲು ಕೊಡಿ. ಕೊಟ್ಟವಳನ್ನು ಜರೆಯಬೇಡಿ.

ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಿನ್ನಿಕಾಟ್ ಎಂಬ ಮಕ್ಕಳ ವೈದ್ಯರಿದ್ದರು; 1971ರಲ್ಲಿ ತೀರಿಕೊಂಡರು. ಸಾವಿರಾರು ತಾಯಿ-ಮಕ್ಕಳನ್ನು ನೋಡಿದ ಅವರು 1953ರ ಲೇಖನವೊಂದರಲ್ಲಿ, ಮಗುವಿಗೆ ಸಾಕಷ್ಟು ಒಳ್ಳೆಯ ತಾಯಿ ಇದ್ದರೆ ಸಾಕು ಎಂಬ ಅರ್ಥದ ಮಾತು ಬರೆದರು. ಮೊದಮೊದಲು ಆಕೆ ಮಗು ಅತ್ತ ಕೂಡಲೇ ಓಡುತ್ತಾಳೆ. ಮಗು ಬೆಳೆದಂತೆ ಒಂದೊಂದು ಗಳಿಗೆ ತಡವಾಗುತ್ತದೆ. ಆ ತಡವನ್ನು ತಾಳುತ್ತಲೇ ಮಗು ಲೋಕವನ್ನು ಕಲಿಯುತ್ತದೆ. ಒಲೆಯ ಮುಂದಿದ್ದಾಗ ಮಗು ಎರಡು ನಿಮಿಷ ಅತ್ತಿತೆಂದು ಕಣ್ಣೀರಿಡುವ ಹುಡುಗಿಗೆ ಇದನ್ನು ಹೇಳಿ.

ಮೋಶೆಯ ತಾಯಿಯನ್ನು ನೆನೆಯಿರಿ. ಮೂರು ತಿಂಗಳು ಬಚ್ಚಿಟ್ಟಳು, ಆಗದಾದಾಗ ಬುಟ್ಟಿಯಲ್ಲಿಟ್ಟು ಜೊಂಡಿನ ನಡುವೆ ಬಿಟ್ಟಳು. ಕಾಯಲು ಮಗಳಿದ್ದಳು. ಕೊನೆಗೆ ಸ್ವಂತ ಮಗುವಿಗೆ ಹಾಲು ಕೊಟ್ಟದ್ದಕ್ಕೆ ಅರಮನೆಯಿಂದ ಕೂಲಿಯನ್ನೂ ಪಡೆದಳು! ಸಂಘದವನಾಗಿ ನನಗೆ ಬಹಳ ಇಷ್ಟವಾದ ಭಾಗವಿದು.

ನಮಗೂ ಹಕ್ಕಿದೆ. 1961ರ ಕಾಯ್ದೆಯಲ್ಲಿ 12 ವಾರವಿದ್ದ ಸಂಬಳದ ರಜೆ 2017ರಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರವಾಯಿತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅಷ್ಟೇ ಇದೆ. ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿರಬೇಕು. ಹೆತ್ತ ಆರು ವಾರ ಕೆಲಸ ಮಾಡಿಸುವುದೇ ನಿಷಿದ್ಧ. ಹೀಗಿರುವಾಗ ತಿಂಗಳಿಗೇ ಬುಟ್ಟಿ ಹೊತ್ತವಳನ್ನು ಗಟ್ಟಿಗಿತ್ತಿ ಎಂದು ಹೊಗಳಿ, ಮಲಗಿದವಳನ್ನು ಸೋಮಾರಿ ಎನ್ನುವುದು ಯಾವ ನ್ಯಾಯ?

ಒಂದು ವಿಷಯದಲ್ಲಿ ಮಾತ್ರ ಎಚ್ಚರ. ಹೆತ್ತ ಮೂರು ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುವುದುಂಟು, ಹೋಗುವುದುಂಟು. ಎರಡು ವಾರ ದಾಟಿದರೂ ಮಂಕು ಹೋಗದೆ, ನಿದ್ದೆ ಊಟ ಬಿಟ್ಟರೆ, ಅದು ಕಾಯಿಲೆ. ಗಾಳಿಸೋಕಲ್ಲ, ನಾಟಕವಲ್ಲ. ಅದಕ್ಕೆ ಮದ್ದಿದೆ. ತನಗೋ ಮಗುವಿಗೋ ಕೇಡು ಮಾಡುವ ಮಾತು ಬಂದರೆ ಒಬ್ಬಳನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಗಂಡಂದಿರೇ, ನೀರು ತನ್ನಿ, ಬಟ್ಟೆ ಒಗೆಯಿರಿ, ರಾತ್ರಿ ಒಂದು ಹೊತ್ತು ಮಗುವನ್ನು ಎತ್ತಿಕೊಳ್ಳಿ. ರಜೆಯ ಅರ್ಜಿಗೆ ಹೆರಿಗೆಗೆ ಮೊದಲೇ ಬನ್ನಿ, ಹಾಜರಿ ಲೆಕ್ಕ ನೋಡಲು ಸಮಯ ಬೇಕು.