ಅಳೆದವರು ಲೆಕ್ಕ ಹೇಳಬೇಕು



ಸಂತೆಮರಹಳ್ಳಿಯ ಸೀಮೆಯಲ್ಲಿ ಹಿಂದೆ ಕಣದಲ್ಲಿ ರಾಶಿ ಅಳೆಯುವವನು ಮೊದಲ ಕೊಳಗಕ್ಕೆ ‘ಲಾಭ’ ಎಂದೂ ಮುಂದಿನವಕ್ಕೆ ಎರಡು, ಮೂರು ಎಂದೂ ಗಟ್ಟಿಯಾಗಿ ಕೂಗುತ್ತಿದ್ದ. ರಾಶಿಯ ಒಡೆಯನ ಕಿವಿಗೆ ಬೀಳದ ಅಳತೆ ಅಳತೆಯಲ್ಲವೆಂಬುದು ಆ ಪದ್ಧತಿಯ ನ್ಯಾಯ. ಇಂದು ವಿಜ್ಞಾನಿಗಳು ಹಳ್ಳಿಗಳ ನೀರನ್ನೂ ಮಣ್ಣನ್ನೂ, ಕೆಲವೊಮ್ಮೆ ಮಕ್ಕಳ ರಕ್ತವನ್ನೂ ಅಳೆಯುತ್ತಾರೆ. ಲೆಕ್ಕವು ಇಂಗ್ಲಿಷಿನ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಸೀಸೆ ತುಂಬಿಸಿಕೊಟ್ಟವರ ಮನೆಗೆ ಮಾತ್ರ ಎಷ್ಟೋ ಸಲ ತಲಪುವುದೇ ಇಲ್ಲ.

ಇದರ ಗಾಂಭೀರ್ಯವನ್ನು ಅರಿಯಲು ಕಾಸರಗೋಡು ಜಿಲ್ಲೆಯ ಪಡ್ರೆಯನ್ನು ನೋಡಬೇಕು. ಗಡಿಯಾಚೆ ಇದ್ದರೂ ಅದು ಕನ್ನಡದ ಊರು. ಅಲ್ಲಿಯ ಗುಡ್ಡಗಳ ಗೇರುತೋಟಗಳಿಗೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಷನ್ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ತಪ್ಪಲಿನ ಜನರ ಬೇನೆಗಳನ್ನು ಮೊದಲು ಗಮನಿಸಿ ಬರೆದವರಲ್ಲಿ ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಮತ್ತು ಪತ್ರಕರ್ತ ಶ್ರೀಪಡ್ರೆ ಪ್ರಮುಖರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಅಲ್ಲಿಯ ನೀರು, ಹಾಲು, ರಕ್ತಗಳಲ್ಲಿ ವಿಷದ ಶೇಷವಿದೆಯೆಂದಿತು. ಕಾರ್ಪೊರೇಷನ್ನೇ ನೇಮಿಸಿದ ಇನ್ನೊಂದು ಪ್ರಯೋಗಾಲಯವು ಇಲ್ಲವೆಂದಿತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ಸಂಶೋಧಕರು ತಪ್ಪಲಿನ 117 ಶಾಲಾಬಾಲಕರನ್ನು ವಿಷ ತಾಗದ ಊರಿನ 90 ಬಾಲಕರೊಡನೆ ಹೋಲಿಸಿ, ಎಂಡೋಸಲ್ಫಾನಿನಿಂದ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಬಹುದೆಂದು 2003ರಲ್ಲಿ ಪ್ರಕಟಿಸಿದರು. ಕಡೆಗೆ 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಲ್ಲೆಲ್ಲ ಅದರ ಬಳಕೆಯನ್ನು ತಡೆಯಿತು.

ಒಂದು ವರದಿ ಇದೆಯೆನ್ನುತ್ತದೆ, ಇನ್ನೊಂದು ಇಲ್ಲವೆನ್ನುತ್ತದೆ. ನಡುವೆ ನಿಂತ ತಾಯಿ ಯಾವುದನ್ನು ನಂಬಬೇಕು? ಒಮ್ಮತ ಬರುವವರೆಗೆ ಬಾಯಿ ಮುಚ್ಚಿರುವುದು ಇದಕ್ಕೆ ಉತ್ತರವಲ್ಲ. ಮಾದರಿಯನ್ನು ಎಲ್ಲಿಂದ, ಯಾವಾಗ, ಯಾರ ಖರ್ಚಿನಲ್ಲಿ ತೆಗೆದರೆಂಬುದನ್ನು ಎರಡೂ ಕಡೆಯವರು ಊರ ಮುಂದೆ ಹೇಳಿದರೆ ತೂಗಿ ನೋಡುವ ವಿವೇಕ ನಮ್ಮ ರೈತನಿಗಿದೆ. ಪಕ್ಕದ ಹೊಲಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಸೊಪ್ಪಿಗೆ ತಾಗಿದರೆ ಹುಳುಗಳಿಗೆ ಏನಾಗುವುದೆಂದು ರೇಷ್ಮೆ ಸಾಕುವವರಿಗೆ ಯಾರೂ ಕಲಿಸಬೇಕಾಗಿಲ್ಲ.

ಇಲ್ಲಿ ಭಾಷೆಯ ಹೊಣೆ ದೊಡ್ಡದು. ‘ತಡವಾಗಬಹುದು’ ಎಂಬಲ್ಲಿಯ ‘ಬಹುದು’ ಚಿಕ್ಕದಾದರೂ ಭಾರವಾದ ಮಾತು. ಅದನ್ನು ಕಳಚಿ ಹೇಳಿದರೆ ಊರು ಭಯಗೊಳ್ಳುತ್ತದೆ. ಅದನ್ನೇ ನೆಪಮಾಡಿಕೊಂಡರೆ ಅಧಿಕಾರ ನಿದ್ರಿಸುತ್ತದೆ. ಸಂಖ್ಯೆಗಳನ್ನೂ ಮನೆಯ ಮಾತಿಗೆ ಇಳಿಸಬೇಕು. ನಮ್ಮ ಜಿಲ್ಲೆಯ ಕೆಲವು ಕೊಳವೆಬಾವಿಗಳಲ್ಲಿ ಕಾಣುವ ಫ್ಲೋರೈಡನ್ನೇ ತೆಗೆದುಕೊಳ್ಳಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿಲ್ಲದೆಡೆ ಹೆಚ್ಚೆಂದರೆ 1.5 ಎಂಬುದು ಭಾರತೀಯ ಮಾನದಂಡ. ಒಂದು ಮಿಲಿಗ್ರಾಂ ಎಂದರೆ ಸಾವಿರ ಲೀಟರಿನ ತೊಟ್ಟಿಗೆ ಒಂದು ಗ್ರಾಂ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಏರುತ್ತದೆ. ಇಷ್ಟನ್ನು ಹೇಳದೆ ಅಂಕಿಯನ್ನಷ್ಟೇ ಕೊಟ್ಟು ಹೋದರೆ, ಗೃಹಿಣಿ ನೀರನ್ನು ಇನ್ನಷ್ಟು ಹೊತ್ತು ಕುದಿಸುತ್ತಾಳೆ.

ಹೇಳುವುದಕ್ಕೂ ಒಂದು ಮರ್ಯಾದೆಯುಂಟು. ಊರಿನ ಒಟ್ಟು ಲೆಕ್ಕ ಗ್ರಾಮಸಭೆಗೆ ಸಲ್ಲಬೇಕು. ಒಂದು ಮಗುವಿನ ರಕ್ತದ ಲೆಕ್ಕ ಅದರ ತಾಯಿತಂದೆಗೆ ಮಾತ್ರ. ರೋಗದ ಹೆಸರು ಅಂಟಿದ ಊರಿನಲ್ಲಿ ಮದುವೆಯ ಮಾತುಕತೆಗಳು ಮುರಿಯುವುದುಂಟು; ಸಂಶೋಧನೆಯು ಆ ಗಾಯವನ್ನು ಹೆಚ್ಚಿಸಬಾರದು.

ಆದ್ದರಿಂದ, ನಿಮ್ಮ ಬಾವಿಗೆ ಸೀಸೆ ಹಿಡಿದು ಬಂದವರಿಗೆ ನೀರು ಕೊಡಿ, ಮಜ್ಜಿಗೆಯನ್ನೂ ಕೊಡಿ. ಜೊತೆಗೆ, ‘ಸ್ವಾಮಿ, ಲೆಕ್ಕ ಹೇಳಲು ಯಾವಾಗ ಬರುತ್ತೀರಿ?’ ಎಂದು ಕೇಳಿ, ಅವರು ಹೇಳಿದ ದಿನವನ್ನು ಪಂಚಾಯತಿಯ ಪುಸ್ತಕದಲ್ಲಿ ಬರೆಯಿಸಿಡಿ. ಹಾಗೆ ಕೇಳುವುದು ಅವಿನಯವಲ್ಲ; ಅದು ನಿಮ್ಮ ಹಕ್ಕು.