ಮೆಚ್ಚಿನ ಆಟಗಾರನ ಅಳತೆ: ರಣಜಿ ಕ್ರಿಕೆಟ್ ಮತ್ತು ನಮ್ಮ ಭಾಗದ ನೋಡುಗ

ದತ್ತಿ ಉಪನ್ಯಾಸವೆಂದರೆ ಪಂಪ, ವಚನ, ಏಕೀಕರಣ ಎಂಬುದು ನಮ್ಮ ಕಡೆಯ ರೂಢಿ. ಪಂಪನ ನಂಟಿನ ಅಣ್ಣಿಗೇರಿ ಪಕ್ಕದಲ್ಲೇ ಇರುವಾಗ ಅದು ಸಹಜ ಕೂಡ. ಇಂಥ ವೇದಿಕೆಯಲ್ಲಿ ರಣಜಿ ಟ್ರೋಫಿ ಆಟಗಾರರ ಬಗ್ಗೆ ಒಂದು ತಾಸು ಮಾತಾಡುವುದಕ್ಕೆ ಸಮರ್ಥನೆ ಬೇಕಾಗುತ್ತದೆ. ಕವಿಯನ್ನು ಮೆಚ್ಚಿದರೆ ಏಕೆ ಮೆಚ್ಚಿದಿರಿ ಎಂದು ಕೇಳುತ್ತೇವೆ, ಗಾಯಕನನ್ನು ಮೆಚ್ಚಿದರೂ ಕೇಳುತ್ತೇವೆ. ಕ್ರಿಕೆಟಿಗನ ವಿಷಯ ಬಂದಾಗ ಮಾತ್ರ ಆ ಪ್ರಶ್ನೆ ಏಳುವುದೇ ಇಲ್ಲ, ಟಿ.ವಿ. ಯಾರನ್ನು ಹೆಚ್ಚು ತೋರಿಸಿತೋ ಅವನೇ ಮೆಚ್ಚಿನವನು. ನವಲಗುಂದದ ಹುಡುಗನ ಜೆರ್ಸಿ ಮೇಲೂ ಮುಂಬೈ ಹುಡುಗನ ಜೆರ್ಸಿ ಮೇಲೂ ಅದೇ 18, ಅದೇ 45. ಇದನ್ನು ತಪ್ಪೆಂದು ನಾನು ಹೇಳುತ್ತಿಲ್ಲ. ರಾಜ್ಯ ತಂಡವನ್ನು ವರ್ಷಗಟ್ಟಲೆ ಹಿಂಬಾಲಿಸಿದವನ ಕೈಗೆ ಇನ್ನೊಂದು ಅಳತೆ ಸಿಗುತ್ತದೆ, ಅದು ಹೆಚ್ಚು ನ್ಯಾಯದ ಅಳತೆ ಎಂಬುದಷ್ಟೇ ನನ್ನ ವಾದ. ಆಟಗಾರ ಭಾರತ ತಂಡದ ಕ್ಯಾಪ್ ಎಷ್ಟು ಸಲ ಧರಿಸಿದ ಎಂಬುದನ್ನು ಆ ಅಳತೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ತನ್ನ ತಂಡಕ್ಕೆ ಎಷ್ಟು ವರ್ಷ, ಎಂಥ ಇಕ್ಕಟ್ಟಿನ ಹೊತ್ತಿನಲ್ಲಿ ಆಡಿಕೊಟ್ಟ ಎಂಬುದನ್ನು ಹಿಡಿಯುತ್ತದೆ.

ಈ ಬಗೆಯ ಮೆಚ್ಚುಗೆ ಹೇಗಿರುತ್ತದೆಂದು ನೋಡಲು ಇಂಗ್ಲೆಂಡಿನ ಕೌಂಟಿ ಕ್ರಿಕೆಟ್ ಒಳ್ಳೆಯ ಉದಾಹರಣೆ. 1890ರಿಂದ ನಡೆದು ಬಂದಿರುವ ಕೌಂಟಿ ಚಾಂಪಿಯನ್‌ಷಿಪ್‌ನಲ್ಲಿ ಈಗ 18 ಕೌಂಟಿಗಳಿವೆ. ದೇಶಕ್ಕೆ ಒಂದು ಟೆಸ್ಟನ್ನೂ ಆಡದೆ ಒಂದೇ ಕೌಂಟಿಗೆ ಹದಿನೈದು ವರ್ಷ ಬೌಲಿಂಗ್ ಮಾಡಿದವರಿಗೆ ಅಲ್ಲಿ ಬೇರೆಯೇ ಗೌರವ. ಬಹುಕಾಲ ಆಡಿದವನಿಗೆ ‘ಬೆನಿಫಿಟ್’ ವರ್ಷವೆಂದು ಗೊತ್ತುಮಾಡಿ, ಅಭಿಮಾನಿಗಳೇ ಹಣ ಕೂಡಿಸಿಕೊಡುವ ಪದ್ಧತಿ ಅಲ್ಲಿ ಬೆಳೆಯಿತು. ನಮ್ಮವರೂ ಆ ಅಂಗಳದಲ್ಲಿ ಬೆವರು ಸುರಿಸಿದ್ದಾರೆ. 1995ರಲ್ಲಿ ಅನಿಲ್ ಕುಂಬ್ಳೆ ನಾರ್ಥಾಂಪ್ಟನ್‌ಷೈರ್‌ಗೆ 105 ವಿಕೆಟ್ ತೆಗೆದರು, ಅದೇ ವರ್ಷ ಜಾವಗಲ್ ಶ್ರೀನಾಥ್ ಗ್ಲಾಸ್ಟರ್‌ಷೈರ್‌ಗೆ 87 ತೆಗೆದರು. 2000ದಲ್ಲಿ ರಾಹುಲ್ ದ್ರಾವಿಡ್ ಕೆಂಟ್ ಪರ ಆಡಿದರು. ಯಾವುದೋ ಊರಿನ ತಂಡಕ್ಕೆ ನಮ್ಮವರು ತೆಗೆದ ಆ ವಿಕೆಟ್‌ಗಳನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ನಮ್ಮದೇ ತಂಡಕ್ಕೆ ಬೇರೆಯವರು ತೆಗೆದ ವಿಕೆಟ್ ಕೇಳಿದರೆ ಬಾಯಿ ಕಟ್ಟುತ್ತದೆ.

‘ನಮ್ಮದೇ ತಂಡ’ ಎಂದೊಡನೆ ಮೊದಲ ಆಕ್ಷೇಪ ಏಳುತ್ತದೆ. ಕರ್ನಾಟಕ ತಂಡ ಬೆಂಗಳೂರಿನ ತಂಡ, ಕಲಘಟಗಿಗೂ ಕುಂದಗೋಳಕ್ಕೂ ಅದರಿಂದ ಆಗಬೇಕಾದ್ದೇನು? ಇದು ಹಗುರಾಗಿ ತಳ್ಳಿಹಾಕುವ ಆಕ್ಷೇಪವಲ್ಲ, ಇತಿಹಾಸವೇ ಅದರ ಪರವಾಗಿದೆ. 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್‌ನಲ್ಲಿ ರಣಜಿಯ ಮೊಟ್ಟಮೊದಲ ಪಂದ್ಯ ಆಡಿದ್ದು ಮೈಸೂರು ತಂಡ. 48 ಮತ್ತು 59ಕ್ಕೆ ಆಲೌಟಾಗಿ ಒಂದೇ ದಿನದಲ್ಲಿ ಸೋತೂ ಬಂತು. ಆ ಸೋಲು ಧಾರವಾಡಕ್ಕೆ ತಟ್ಟುವಂತಿರಲಿಲ್ಲ. ಆಗ ನಾವು ಮುಂಬೈ ಪ್ರಾಂತ್ಯದವರು, 1956ರ ನವೆಂಬರ್‌ವರೆಗೆ ಆ ಕಡೆಯವರೇ. ಆ ವರ್ಷ ಏಕೀಕರಣದ ಗೆರೆ ಬಿದ್ದದ್ದರಿಂದ ಕ್ರಿಕೆಟ್ಟಿನಲ್ಲೂ ನಾವು ಈಚೆಗೆ ಬಂದೆವು. 1973ರ ನವೆಂಬರ್ 1ರಂದು ರಾಜ್ಯ ‘ಕರ್ನಾಟಕ’ವಾಯಿತು. ಆ ಹೆಸರಿನ ಮೊದಲ ಋತುವಿನಲ್ಲೇ, 1974ರ ಮಾರ್ಚ್‌ನಲ್ಲಿ, ಪ್ರಸನ್ನ ನಾಯಕತ್ವದ ತಂಡ ಸತತ ಹದಿನೈದು ವರ್ಷ ಟ್ರೋಫಿ ಕೈಬಿಡದಿದ್ದ ಬಾಂಬೆಯನ್ನು ಸೆಮಿಫೈನಲ್‌ನಲ್ಲಿ ಕೆಡವಿ, ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿ ರಣಜಿ ಗೆದ್ದಿತು. ಆ ಸೆಮಿಫೈನಲ್‌ನಲ್ಲಿ 162 ರನ್ ಹೊಡೆದ ವಿಶ್ವನಾಥ್ ಭದ್ರಾವತಿಯವರು. ನಾಡು ಒಂದಾದದ್ದು ಕಾಗದದ ಮೇಲಷ್ಟೇ ಅಲ್ಲ ಎನ್ನುವುದಕ್ಕೆ ನಾಟಕ, ಸಾಹಿತ್ಯ ಸಮ್ಮೇಳನಗಳ ಸಾಕ್ಷ್ಯ ಕೊಡುತ್ತೇವೆ. ಸ್ಕೋರ್ ಪಟ್ಟಿಯನ್ನೂ ಕೊಡಬಹುದು.

ಆಕ್ಷೇಪಕ್ಕೆ ಇನ್ನೂ ನೇರವಾದ ಉತ್ತರ ಸುನಿಲ್ ಜೋಶಿ. 1970ರಲ್ಲಿ ಅವರು ಹುಟ್ಟಿದ್ದು ಗದಗಿನಲ್ಲಿ, ಅಂದರೆ ಆಗಿನ ಧಾರವಾಡ ಜಿಲ್ಲೆಯಲ್ಲಿ. ಗದಗ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹುಡುಗನಾಗಿದ್ದಾಗ ಬೆಳಗಿನ ಅಭ್ಯಾಸಕ್ಕೆ ಗದಗಿನಿಂದ ಹುಬ್ಬಳ್ಳಿಗೆ ಬಂದು, ಶಾಲೆಯ ಹೊತ್ತಿಗೆ ಮತ್ತೆ ಊರು ಸೇರುತ್ತಿದ್ದರೆಂಬುದು ಅವರ ಪರಿಚಯ ಬರೆದವರೆಲ್ಲ ದಾಖಲಿಸಿದ ಸಂಗತಿ. ನಡುವೆ ಸಿಗುವ ಊರು ಅಣ್ಣಿಗೇರಿ. ಎಡಗೈ ಸ್ಪಿನ್, ಕೆಳ ಕ್ರಮಾಂಕದಲ್ಲಿ ನಂಬಿಕೆಯ ಬ್ಯಾಟಿಂಗ್: ಇವೆರಡೂ ಸೇರಿ 1995-96ರ ರಣಜಿ ಋತುವಿನಲ್ಲಿ 500 ರನ್ನೂ 50 ವಿಕೆಟ್ಟೂ ಒಟ್ಟಿಗೆ ಬಂದವು, ಕರ್ನಾಟಕ ಟ್ರೋಫಿ ಗೆದ್ದಿತು. ಪ್ರಥಮ ದರ್ಜೆಯಲ್ಲಿ ಒಟ್ಟು 615 ವಿಕೆಟ್, 5,000ಕ್ಕೂ ಹೆಚ್ಚು ರನ್. ರಣಜಿಯಲ್ಲೇ 479 ವಿಕೆಟ್. ಚಂದ್ರಶೇಖರ್ ಅವರ 437ಕ್ಕಿಂತ ಇದು ಹೆಚ್ಚು. ಭಾರತಕ್ಕೆ ಆಡಿದ್ದು 15 ಟೆಸ್ಟ್, 69 ಏಕದಿನ. ನೈರೋಬಿಯಲ್ಲಿ 1999ರಲ್ಲಿ ದಕ್ಷಿಣ ಆಫ್ರಿಕದ ಎದುರು 10 ಓವರ್‌ಗಳಲ್ಲಿ ಬರೇ 6 ರನ್ ಕೊಟ್ಟು 5 ವಿಕೆಟ್ ಪಡೆದದ್ದು ಎಲ್ಲರಿಗೂ ನೆನಪಿದೆ. 2000ದಲ್ಲಿ ಢಾಕಾದಲ್ಲಿ ನಡೆದ ಬಾಂಗ್ಲಾದೇಶದ ಮೊದಲ ಟೆಸ್ಟಿನಲ್ಲಿ 92 ರನ್ ಮತ್ತು ಎಂಟು ವಿಕೆಟ್‌ಗಳೊಡನೆ ಪಂದ್ಯಪುರುಷರಾದದ್ದು ಅಷ್ಟು ನೆನಪಿಲ್ಲ. ನನ್ನ ಲೆಕ್ಕದಲ್ಲಿ ಈ ಎರಡೂ ಮುಖ್ಯವಲ್ಲ. ಮುಖ್ಯವಾದದ್ದು ಆ 479. ಅದು ಒಂದು ಒಳ್ಳೆಯ ಮಧ್ಯಾಹ್ನದಲ್ಲಿ ಬರುವ ಅಂಕಿ ಅಲ್ಲ. 1992-93ರಿಂದ ಹೆಚ್ಚುಕಡಿಮೆ ಎರಡು ದಶಕ, ಕುಂಬ್ಳೆ ಜೊತೆಗಿದ್ದಾಗ ಎರಡನೆಯ ಸ್ಪಿನ್ನರಾಗಿ, ಕುಂಬ್ಳೆ ಭಾರತಕ್ಕೆ ಹೋದಾಗ ಮೊದಲನೆಯವರಾಗಿ ಬೌಲಿಂಗ್ ಮಾಡಿ ಕೂಡಿಸಿದ್ದು.

ಅಂಕಿ ಮುಂದಿಟ್ಟರೆ ಬಲ್ಲವರು ತಕ್ಷಣ ಇನ್ನೊಂದು ಮಾತು ತೆಗೆಯುತ್ತಾರೆ. ತವರಿನ ತಿರುವಿನ ಪಿಚ್, ಎದುರಿಗೆ ದುರ್ಬಲ ತಂಡ, ಅಲ್ಲಿ ಯಾರು ಬೇಕಾದರೂ ವಿಕೆಟ್ ತೆಗೆಯುತ್ತಾರೆ ಎನ್ನುತ್ತಾರೆ. ಕೆಲವರ ಮಟ್ಟಿಗೆ ಇದು ಖರೆ. ಬರೇ ಒಟ್ಟು ಮೊತ್ತ ನೋಡಿ ಮೆಚ್ಚುವುದಾದರೆ ನನ್ನ ಅಳತೆಯೂ ಟಿ.ವಿ.ಯ ಅಳತೆಯಷ್ಟೇ ಸೋಮಾರಿಯದು. ಆದ್ದರಿಂದಲೇ ಯಾವ ಹೊತ್ತಿನಲ್ಲಿ, ಯಾರ ಎದುರು ಎಂಬ ಪ್ರಶ್ನೆ ಜೊತೆಗಿರಬೇಕು. ಪುತ್ತೂರಿನ ಎಡಗೈ ಸ್ಪಿನ್ನರ್ ಬಿ. ರಘುರಾಮ ಭಟ್ ಅವರನ್ನು ಈ ಪ್ರಶ್ನೆಯಿಂದ ನೋಡಿ. 1981-82ರ ರಣಜಿ ಸೆಮಿಫೈನಲ್, ಬೆಂಗಳೂರು, ಎದುರಾಳಿ ಬಾಂಬೆ. ಭಟ್ ಮೊದಲ ಇನಿಂಗ್ಸ್‌ನಲ್ಲಿ ಹ್ಯಾಟ್ರಿಕ್ ಸೇರಿ ಎಂಟು ವಿಕೆಟ್ ಕಿತ್ತರು. ಎರಡನೆಯ ಇನಿಂಗ್ಸ್‌ನಲ್ಲಿ ಸುನಿಲ್ ಗಾವಸ್ಕರ್ ಭಟ್ಟರ ಎಸೆತಕ್ಕೆ ಎಡಗೈ ಬ್ಯಾಟರ್ ಆಗಿಯೂ ಉಳಿದವರ ಎಸೆತಕ್ಕೆ ಬಲಗೈಯವರಾಗಿಯೂ ನಿಂತರು. ತಂಡ ಆಯ್ಕೆಯ ಪತ್ರವನ್ನು ಯಾರು ಬೇಕಾದರೂ ಬರೆದಾರು, ಇಂಥ ಪ್ರಮಾಣಪತ್ರ ಸುಲಭಕ್ಕೆ ಸಿಗುವುದಿಲ್ಲ. ಪಿಚ್ ತಿರುಗುತ್ತಿತ್ತು, ಹೌದು. ಸ್ಪಿನ್ ಆಡುವುದರಲ್ಲಿ ಬಾಂಬೆಯವರಿಗಿಂತ ಪಳಗಿದವರು ಆಗ ದೇಶದಲ್ಲಿ ಇದ್ದರೇ? ಆ ವರ್ಷದ ಫೈನಲ್‌ನಲ್ಲಿ ಕರ್ನಾಟಕ 705 ರನ್ ಹೊಡೆದೂ ಮೊದಲ ಇನಿಂಗ್ಸ್ ಲೆಕ್ಕದಲ್ಲಿ ದೆಹಲಿಗೆ ಸೋತಿತು ಎಂಬುದು ಬೇರೆ ಸಂಕಟ. ಭಟ್ಟರಿಗೆ ಸಿಕ್ಕಿದ್ದು 1983ರಲ್ಲಿ ಎರಡೇ ಟೆಸ್ಟ್. ಪ್ರಥಮ ದರ್ಜೆಯಲ್ಲಿ ಅವರದು 374 ವಿಕೆಟ್. ಅವರ ಹಿಂದಿನವರಾದ, ಒಂದು ಟೆಸ್ಟನ್ನೂ ಆಡದ ಬಿ. ವಿಜಯಕೃಷ್ಣ, ಒಂದೇ ಏಕದಿನಕ್ಕೆ ಮುಗಿದುಹೋದ ಸುಧಾಕರ ರಾವ್ ಕೂಡ ಇದೇ ಸಾಲಿನವರು.

ಇಕ್ಕಟ್ಟಿನ ಹೊತ್ತು ಎಂದರೇನೆಂದು ತೋರಿಸಲು 1998-99ರ ಫೈನಲ್ ಸಾಕು. ಚಂದ್ರಕಾಂತ್ ಪಂಡಿತ್ ನಾಯಕತ್ವದ ಮಧ್ಯಪ್ರದೇಶ ಚಿನ್ನಸ್ವಾಮಿ ಮೈದಾನದಲ್ಲಿ ಮೊದಲ ಇನಿಂಗ್ಸ್ ಮುನ್ನಡೆ ಪಡೆದಿತ್ತು. ಪಂದ್ಯ ಡ್ರಾ ಆದರೆ ಟ್ರೋಫಿ ಅವರದು. ಕೊನೆಯ ದಿನ ಅವರು ಮಾಡಬೇಕಾದದ್ದು ಔಟಾಗದೆ ಉಳಿಯುವುದೊಂದೇ. ಆಫ್ ಸ್ಪಿನ್ ಹಾಕುತ್ತಿದ್ದ ಬ್ಯಾಟರ್ ವಿಜಯ್ ಭಾರದ್ವಾಜ್ 24 ರನ್‌ಗೆ 6 ವಿಕೆಟ್ ತೆಗೆದು ಪಂದ್ಯವನ್ನೇ ತಿರುಗಿಸಿದರು. ಬ್ಯಾಟಿನಿಂದ ಆ ಋತುವಿನಲ್ಲಿ ಅವರು ಗಳಿಸಿದ್ದು 1,280 ರನ್. ಕುಂಬ್ಳೆ, ಶ್ರೀನಾಥ್, ಪ್ರಸಾದ್, ದ್ರಾವಿಡ್ ಎಲ್ಲರೂ ಭಾರತ ತಂಡಕ್ಕೆ ಬೇಕಾಗಿದ್ದ ಕಾಲ ಅದು. ಅವರಿಲ್ಲದ ಪಂದ್ಯಗಳಲ್ಲಿ ತಂಡವನ್ನು ಹಿಡಿದು ನಿಲ್ಲಿಸಿದವರು ಭಾರದ್ವಾಜ್, ಜೋಶಿ, ಅರುಣ್‌ಕುಮಾರ್, ದೊಡ್ಡ ಗಣೇಶ್. ಭಾರದ್ವಾಜ್ ಆಡಿದ ಟೆಸ್ಟ್ ಮೂರು, ಗಣೇಶ್ ಆಡಿದ್ದು ನಾಲ್ಕು.

ಇಲ್ಲಿಗೆ ಬಂದಾಗ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಎದುರಾಗುತ್ತದೆ. ಮೇಲಿನ ಹಂತದಲ್ಲಿ ನಿಲ್ಲದವನನ್ನು ಮೆಚ್ಚುವುದು ಎರಡನೆಯ ದರ್ಜೆಗೆ ಒಪ್ಪಿಕೊಂಡಂತಲ್ಲವೇ? ದಾವಣಗೆರೆಯ ಆರ್. ವಿನಯ್ ಕುಮಾರ್ ವಿರುದ್ಧ ಈ ಮಾತನ್ನು ಆಡದವರಿಲ್ಲ. ಅವರು ಆಡಿದ್ದು ಪರ್ತ್‌ನಲ್ಲಿ ಒಂದೇ ಟೆಸ್ಟ್, ಸಿಕ್ಕಿದ್ದು ಒಂದೇ ವಿಕೆಟ್. 2013ರ ನವೆಂಬರ್ 2ರಂದು, ಅದೂ ಬೆಂಗಳೂರಿನಲ್ಲಿ, ಆಸ್ಟ್ರೇಲಿಯ ವಿರುದ್ಧ 9 ಓವರ್‌ಗಳಿಗೆ 102 ರನ್ ಕೊಟ್ಟರು. ಹೊಡೆತ ತಿಂದದ್ದನ್ನು ನಾನು ಅಲ್ಲಗಳೆಯುವುದಿಲ್ಲ. ವೇಗ ಕಡಿಮೆಯಿತ್ತು, ಚಪ್ಪಟೆ ಪಿಚ್‌ನಲ್ಲಿ ಅದಕ್ಕೆ ಬೆಲೆ ತೆರಬೇಕಾಯಿತು. ಆದರೆ ಆ ದಿನದಿಂದ ಮೂರು ತಿಂಗಳಿಗೆ, 2014ರ ಫೆಬ್ರುವರಿ 2ರಂದು, ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ರಣಜಿ ಎತ್ತಿದ ನಾಯಕ ಅದೇ ವಿನಯ್. ಆ ಋತುವಿನಲ್ಲೂ ಮುಂದಿನ ಋತುವಿನಲ್ಲೂ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಕರ್ನಾಟಕ ಗೆದ್ದುಕೊಂಡಿತು. 2015ರ ಫೈನಲ್‌ನಲ್ಲಿ ತಮಿಳುನಾಡನ್ನು 134ಕ್ಕೆ ಮುಗಿಸುವಾಗ ನಾಯಕ 34ಕ್ಕೆ 5 ವಿಕೆಟ್ ಪಡೆದರು, ಬಳಿಕ ಶತಕವನ್ನೂ ಹೊಡೆದರು. ಕರುಣ್ ನಾಯರ್ ಅವರ 328ರ ನೆರಳಲ್ಲಿ ಆ ಶತಕ ಮರೆಯಾಯಿತು. ಒಬ್ಬನ ಒಂದು ಕೆಟ್ಟ ಸಂಜೆಯನ್ನು ಕೋಟಿ ಜನ ನೋಡಿದರು ಎಂಬುದಕ್ಕೆ, ನೂರು ಜನವೂ ನೋಡದ ಹದಿನೈದು ವರ್ಷಗಳ ಒಳ್ಳೆಯ ಕೆಲಸ ಸುಳ್ಳಾಗುವುದೇ? ಎರಡನೆಯ ದರ್ಜೆ ಎಂಬುದು ಆಟಗಾರನ ಗುಣವಲ್ಲ, ಹಂತದ ಹೆಸರು. ಆ ಹಂತ ಇಲ್ಲದಿದ್ದರೆ ಮೊದಲ ದರ್ಜೆಯವರನ್ನು ಆರಿಸುವುದಾದರೂ ಎಲ್ಲಿಂದ?

ಮೆಚ್ಚುಗೆ ರುಚಿಯ ವಿಷಯ, ಅದಕ್ಕೆ ತರ್ಕವೇಕೆ ಎನ್ನುವವರಿಗೆ ಕುಂದಗೋಳವನ್ನು ತೋರಿಸಬೇಕು. ಸವಾಯಿ ಗಂಧರ್ವರ ನೆನಪಿನಲ್ಲಿ ನಾಡಗೀರ ವಾಡೆಯಲ್ಲಿ ರಾತ್ರಿಯಿಡೀ ಕೂತು ಕೇಳುವ ಜನಕ್ಕೆ ವಿಲಂಬಿತದಲ್ಲಿ ರಾಗ ಬಿಚ್ಚಿಕೊಳ್ಳುವವರೆಗೆ ಕಾಯುವುದನ್ನು ಯಾರೂ ಪಾಠ ಹೇಳಿಕೊಟ್ಟಿಲ್ಲ. ಕೇಳಿ ಕೇಳಿ ಬಂದದ್ದು. ನಾಲ್ಕು ದಿನದ ಪಂದ್ಯದ ರುಚಿಯೂ ಅಷ್ಟೇ, ನೋಡಿ ನೋಡಿ ಬರಬೇಕು. ಇಪ್ಪತ್ತು ಓವರ್‌ಗಳ ಆಟ ಹಳ್ಳಿಗೂ ನೆಚ್ಚಿನ ಆಟಗಾರರನ್ನು ಕೊಟ್ಟಿದೆಯಲ್ಲ ಎಂದರೆ, ಕೊಟ್ಟಿದೆ. 2023ರಲ್ಲಿ ಮಹಾರಾಜ ಟ್ರೋಫಿಯನ್ನು ಹುಬ್ಬಳ್ಳಿ ಟೈಗರ್ಸ್ ಗೆದ್ದಾಗ ಈ ಭಾಗದಲ್ಲಿ ಹಿಗ್ಗಿದವರು ಕಡಿಮೆಯೇನಲ್ಲ. ಆದರೆ ಹರಾಜಿನಲ್ಲಿ ಕೊಂಡ ತಂಡ ಮುಂದಿನ ವರ್ಷ ಹಾಗೇ ಇರುವುದಿಲ್ಲ. ಊರಿನ ಹೆಸರು ಉಳಿದರೂ ಆಟಗಾರ ಬೇರೆ ಊರಿಗೆ ಹೋಗಿರುತ್ತಾನೆ. ವರ್ಷಗಳ ಲೆಕ್ಕದ ಮೆಚ್ಚುಗೆಗೆ ಅಲ್ಲಿ ಜಾಗ ಸಾಲದು. ರಾಜ್ಯ ತಂಡದಲ್ಲೂ ವಲಸೆ ಇಲ್ಲವೆಂದಲ್ಲ: ವಿನಯ್ ಕೊನೆಗೆ ಪುದುಚೇರಿಗೆ ಆಡಿದರು, ಕರುಣ್ ವಿದರ್ಭಕ್ಕೆ ಹೋಗಿ ರಣಜಿ ಗೆದ್ದರು. ಆದರೂ ಅದು ಅಪವಾದ, ಪದ್ಧತಿಯಲ್ಲ.

ಜನ ಬರುವುದಿಲ್ಲ ಎಂಬ ಕೊರಗೂ ಪೂರ್ತಿ ನಿಜವಲ್ಲ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಕರ್ನಾಟಕ ಮುಂಬೈಗೆ ಆರೇ ರನ್‌ಗಳಿಂದ ಫೈನಲ್ ಸೋತಾಗ, ಸುತ್ತಲಿನ ಮರಗಳ ಮೇಲೂ ಜನ ಹತ್ತಿ ಕೂತಿದ್ದರು. ಹುಬ್ಬಳ್ಳಿಯ ರಾಜನಗರ ಮೈದಾನಕ್ಕೂ ಈಗ ರಣಜಿ ಬರುತ್ತದೆ. 2024ರ ಜನವರಿಯಲ್ಲಿ ಪಂಜಾಬ್ ವಿರುದ್ಧ ದೇವದತ್ತ ಪಡಿಕ್ಕಲ್ 193 ಹೊಡೆದರು, ಅವರ ಚಿತ್ರ ಪತ್ರಿಕೆಗಳಲ್ಲಿ ಬಂತು. ಅದಕ್ಕೂ ಮೊದಲು 41 ರನ್‌ಗೆ 7 ವಿಕೆಟ್ ಕಿತ್ತು ಪಂಜಾಬನ್ನು 152ಕ್ಕೆ ಕಟ್ಟಿಹಾಕಿದವರು ವಾಸುಕಿ ಕೌಶಿಕ್; ಮಹಾ ವೇಗಿಯಲ್ಲ, ಒಂದೇ ಜಾಗಕ್ಕೆ ಬಿಡದೆ ಚೆಂಡು ಹಾಕುವವರು. ರಣಜಿ ಋತು ನಡೆಯುವುದು ನಮ್ಮ ಹಿಂಗಾರಿಯ ಕಾಲದಲ್ಲಿ. ಕಡಲೆ ಬಿತ್ತುವಾಗ ಶುರುವಾಗಿ ರಾಶಿಯ ಹೊತ್ತಿಗೆ ಮುಗಿಯುತ್ತದೆ. ಕೈ ಬಿಡುವಾದ ದಿನ ನವಲಗುಂದದಿಂದಲೋ ಕುಂದಗೋಳದಿಂದಲೋ ಬಸ್ ಹತ್ತಿದರೆ ಮೈದಾನ ದೂರವಿಲ್ಲ, ರಣಜಿಗೆ ಟಿಕೆಟ್ಟೂ ಸಾಮಾನ್ಯವಾಗಿ ಇರುವುದಿಲ್ಲ. ಮುಂದಿನ ಸಲ ಪಂದ್ಯ ಬಂದಾಗ ಮೊದಲ ದಿನದ ಟಾಸ್ ನೋಡಿ ಎದ್ದು ಬರಬೇಡಿ. ಮೂರನೆಯ ದಿನ ಮಧ್ಯಾಹ್ನ ಹೋಗಿ, ಚೆಂಡು ಹಳತಾದ ಮೇಲೆ ಯಾರು ಬೌಲಿಂಗ್ ಮಾಡುತ್ತಿದ್ದಾರೆ ನೋಡಿ, ನಿಮ್ಮ ಮೆಚ್ಚಿನ ಆಟಗಾರನನ್ನು ನೀವೇ ಆರಿಸಿಕೊಳ್ಳಿ.