ಹಸು ಬತ್ತಿದ ಎರಡು ತಿಂಗಳು
(ಮೈಸೂರಿನ ಲಕ್ಷ್ಮೀಪುರಂನಲ್ಲಿ ಹಾಲು ಉತ್ಪಾದಕ ಮಹಿಳೆಯರನ್ನು ಕುರಿತು ಮಾಡಿದ ಭಾಷಣ)



ಈ ಲಕ್ಷ್ಮೀಪುರಂ ಬೀದಿಗಳಲ್ಲಿ ಬೆಳಿಗ್ಗೆ ಹಾಲಿನ ಪೊಟ್ಟಣ ಬರುವ ಹೊತ್ತಿಗೆ ಪಾತ್ರೆ ತೊಳೆಯುವ ಹೆಂಗಸೂ ಬರುತ್ತಾಳೆ. ಹಾಲು ಕರೆದ ನೀವೂ ಆಕೆಯೂ ಒಂದೇ ಕಷ್ಟದವರು. ಆಕೆ ಕಾಯಿಲೆ ಬಿದ್ದರೆ ಸಂಬಳ ನಿಲ್ಲುತ್ತದೆ. ನಿಮ್ಮ ಹಸು ಬತ್ತಿದರೆ ಬಟವಾಡೆ ನಿಲ್ಲುತ್ತದೆ. ಸಾಲದ ವಾರದ ಕಂತು ಮಾತ್ರ ನಿಲ್ಲುವುದಿಲ್ಲ.

ಆದರೆ ಹಸು ಬತ್ತುವುದು ಆಕಸ್ಮಿಕವಲ್ಲ. ಕರು ಹಾಕುವ ಮುನ್ನ ಸುಮಾರು 60 ದಿನ ಕರೆಯುವುದನ್ನು ನಿಲ್ಲಿಸಲೇಬೇಕು. ಈ ಎರಡು ತಿಂಗಳಲ್ಲೇ ನಾವು ಎಡವುವುದು. ಕೆಲವರು ಹಿಂಡಿ ಕಡಿಮೆ ಮಾಡುತ್ತಾರೆ. ಮುಂದಿನ ಸೂಲಿನಲ್ಲಿ ಹಾಲೇ ಇಳಿಯುತ್ತದೆ. ಕೆಲವರು ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಗೆ ಕೈಸಾಲ ತರುತ್ತಾರೆ. 10,000 ರೂಪಾಯಿಗೆ ವರ್ಷಕ್ಕೆ 3,600 ರೂಪಾಯಿ ಬಡ್ಡಿಯೇ ಆಯಿತು. ಕೊನೆಗೆ ಗಬ್ಬದ ಹಸುವನ್ನೇ ಮಾರುತ್ತಾರೆ. ದುಡಿಯುವ ಕೈಯನ್ನೇ ಕಳೆದುಕೊಂಡ ಹಾಗೆ.

ಲೆಕ್ಕ ನೋಡಿ. ದಿನಕ್ಕೆ 8 ಲೀಟರ್ ಹಾಕುವವರು ಲೀಟರಿಗೆ 2 ರೂಪಾಯಿ ತೆಗೆದಿಟ್ಟರೆ 300 ದಿನಕ್ಕೆ 4,800 ರೂಪಾಯಿ. ಬತ್ತಿದ ತಿಂಗಳಿಗೆ 2,400ರಂತೆ ಹಿಂಡಿಗೆ ಆಸರೆ. ಈ ಹಣ ನಿಮ್ಮ ಹೆಸರಿನ ಖಾತೆಯಲ್ಲೋ ಸ್ತ್ರೀಶಕ್ತಿ ಸಂಘದಲ್ಲೋ ಇರಲಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ನಂಬಿ ಹೊಸ ಕಂತು ಹೊರಬೇಡಿ.

ಸಾಲ ಬೇಕೇ ಆದರೆ ಮೊದಲು ಬ್ಯಾಂಕಿನಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಕೇಳಿ. ಈಗ ಅದು ಹೈನುಗಾರಿಕೆಗೂ ಉಂಟು. ಒಂದು ಕಂತು ಕಟ್ಟಲು ಇನ್ನೊಂದು ಕಡೆ ಸಾಲ ಮಾಡಲೇಬೇಡಿ.

ಈಗಾಗಲೇ ಸಿಕ್ಕಿಕೊಂಡಿದ್ದರೆ ಹೆದರಬೇಡಿ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಕಿರುಸಾಲದ ವಸೂಲಿಗಾರರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ, ಬೈಯುವಂತಿಲ್ಲ. ಸಾಲಗಾರರ ಮೇಲಿನ ದೌರ್ಜನ್ಯ ತಡೆಯಲು 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ತಂದ ಸುಗ್ರೀವಾಜ್ಞೆಯಲ್ಲಿ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲಾಗಿದೆ. ಮನೆ ಮುಂದೆ ಬಂದು ಮಾನ ಕಳೆದರೆ ಒಬ್ಬರೇ ಅಳುತ್ತ ಕೂರದೆ ನಾಲ್ಕು ಜನ ಸೇರಿ ಪೊಲೀಸ್ ಠಾಣೆಗೆ ಹೋಗಿ.

ಸಾಲ ತೀರಿಸುವುದು ನಮ್ಮ ಧರ್ಮ. ಮಾನ ಮಾರುವುದು ಅಲ್ಲ. ಈ ಸಂಜೆಯ ಹಾಲಿನಿಂದಲೇ ಲೀಟರಿಗೆ 2 ರೂಪಾಯಿ ತೆಗೆದಿಡಿ.